ಕಟ್ಟಿದ ಮರ, ಹೊಲಿದ ಹಲಗೆ: ತೆಂಕಣ ಕಡಲಿನ ಕಥೋಲಿಕ ಮೀನುಗಾರರ ದೋಣಿಗಳು

ಬಲೆ ತೊಳೆಯುತ್ತಿದ್ದ ಸಿಮೋನನ ದೋಣಿಯನ್ನೇರಿ ಯೇಸುಸ್ವಾಮಿ ಜನಸಮೂಹಕ್ಕೆ ಬೋಧಿಸಿದರೆಂದು ಸಂತ ಲೂಕರ ಶುಭಸಂದೇಶದಲ್ಲಿ ಓದುತ್ತೇವೆ. ಆ ದೋಣಿ ಯಾವ ಮರದ್ದು, ಅದನ್ನು ಕಟ್ಟಿದ ಬಡಗಿ ಯಾರು ಎಂದು ನಾವು ಕೇಳಲು ಹೋಗುವುದಿಲ್ಲ. 1986ರಲ್ಲಿ ಬರದಿಂದಾಗಿ ಗಲಿಲೇಯ ಸರೋವರದ ನೀರು ಇಳಿದಾಗ, ಕೆಸರಿನಲ್ಲಿ ಹುದುಗಿದ್ದ ಸುಮಾರು ಎರಡು ಸಾವಿರ ವರ್ಷ ಹಳೆಯ ದೋಣಿಯೊಂದು ದೊರೆಯಿತು. ಸುಮಾರು 27 ಅಡಿ ಉದ್ದದ ಆ ದೋಣಿಯಲ್ಲಿ ಹತ್ತಕ್ಕೂ ಹೆಚ್ಚು ಜಾತಿಯ ಮರಗಳ ತುಂಡುಗಳಿದ್ದವು. ಸಿಕ್ಕ ಮರದಿಂದ ತೇಪೆ ಹಾಕುತ್ತ, ಮತ್ತೆ ಮತ್ತೆ ದುರಸ್ತಿ ಮಾಡುತ್ತ ಅದನ್ನು ಬಾಳಿಸಿದ್ದರು. ಅದು ಪೇತ್ರನದೇ ದೋಣಿಯೆಂದು ಯಾರೂ ಹೇಳಲಾರರು. ಆದರೆ ಮೀನುಗಾರನ ಬಾಳನ್ನು ಅರಿಯಬೇಕಾದರೆ ಅವನ ದೋಣಿಯನ್ನು ಹತ್ತಿರದಿಂದ ನೋಡಬೇಕೆಂಬುದನ್ನು ಅದು ನಮಗೆ ಕಲಿಸಿತು.

ನಮ್ಮ ದೇಶದ ತೆಂಕಣ ತುದಿಯಲ್ಲಿ, ತಿರುವನಂತಪುರದಿಂದ ಕನ್ಯಾಕುಮಾರಿಯವರೆಗೆ ಚಾಚಿಕೊಂಡಿರುವ ಕಡಲತೀರದಲ್ಲಿ, ಹೀಗೆ ನೋಡತಕ್ಕ ದೋಣಿಗಳ ಪರಂಪರೆಯೊಂದಿದೆ. ಅಲ್ಲಿನ ಮೀನುಗಾರ ಹಳ್ಳಿಗಳಲ್ಲಿ ಬಹುಪಾಲು ಜನ ಕಥೋಲಿಕರು. ಆಚೆ ಬದಿಯ ಮುತ್ತಿನ ತೀರದ ಪರವರು 1530ರ ದಶಕದಲ್ಲಿಯೇ ದೀಕ್ಷಾಸ್ನಾನ ಪಡೆದಿದ್ದರು. 1542ರಲ್ಲಿ ಅಲ್ಲಿಗೆ ಬಂದ ಸಂತ ಫ್ರಾನ್ಸಿಸ್ ಕ್ಷೇವಿಯರರು, 1544ರ ಕೊನೆಯಲ್ಲಿ ತಿರುವಾಂಕೂರಿನ ಮುಕ್ಕುವರ ಹಳ್ಳಿಗಳನ್ನು ಒಂದೊಂದಾಗಿ ಸುತ್ತಿದರು. ಒಂದೇ ತಿಂಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ದೀಕ್ಷಾಸ್ನಾನ ನೀಡಿದುದಾಗಿ ಅವರು ಮರುವರ್ಷದ ಆರಂಭದಲ್ಲಿ ಬರೆದ ಪತ್ರದಲ್ಲಿ ತಿಳಿಸಿದ್ದಾರೆ. ಆ ಮುಕ್ಕುವರಿಗೆ ವಿಶ್ವಾಸ ಹೊಸದಾಗಿತ್ತು. ಕಟ್ಟುಮರ ಮಾತ್ರ ಹಳೆಯದಾಗಿತ್ತು.

ಒಳಗಿಲ್ಲದ ದೋಣಿ

‘ಕಟ್ಟುಮರ’ ಎಂಬ ತಮಿಳು ಪದದ ಅರ್ಥವನ್ನು ತಿಳಿಯಲು ಕನ್ನಡಿಗನಿಗೆ ನಿಘಂಟು ಬೇಕಿಲ್ಲ. ಕಟ್ಟಿದ ಮರವೇ ಕಟ್ಟುಮರ. ಈ ಪದವನ್ನು ಇಂಗ್ಲಿಷರು ‘ಕ್ಯಾಟಮರಾನ್’ ಎಂದು ಕೊಂಡೊಯ್ದರು. ಇಂದು ಜಗತ್ತಿನಾದ್ಯಂತ ಶ್ರೀಮಂತರ ವಿಹಾರಕ್ಕೆಂದು ತಯಾರಾಗುವ ಜೋಡಿ ಒಡಲಿನ ನೌಕೆಗಳಿಗೆ ಆ ಹೆಸರು ಸಲ್ಲುತ್ತಿದೆ. ಅವುಗಳಲ್ಲಿ ಕಟ್ಟೂ ಇಲ್ಲ, ಮರವೂ ಇಲ್ಲ. ಬಡ ಮೀನುಗಾರನ ಮಾತು ಮಾತ್ರ ಉಳಿದಿದೆ.

ನಿಜವಾದ ಕಟ್ಟುಮರವೆಂದರೆ ಹಗುರವಾದ ಮೆದು ಮರದ ಮೂರರಿಂದ ಐದು ದಿಮ್ಮಿಗಳನ್ನು ಬಾಚಿಯಿಂದ ಕೆತ್ತಿ, ಒಂದರ ಪಕ್ಕ ಒಂದನ್ನು ಜೋಡಿಸಿ, ಹಿಂದೆ ಮುಂದೆ ತೆಂಗಿನ ನಾರಿನ ಹಗ್ಗದಿಂದ ಬಿಗಿದ ತೆಪ್ಪ. ಆದರೆ ಅದನ್ನು ಬರಿಯ ತೆಪ್ಪವೆಂದು ಕರೆಯುವುದು ಅದರ ಬಡಗಿಗೆ ಮಾಡುವ ಅಪಚಾರವೇ ಸರಿ. ಯಾವ ದಿಮ್ಮಿ ನಡುವೆ ಇರಬೇಕು, ಯಾವುದು ಅಂಚಿಗೆ ಬರಬೇಕು, ಮೂತಿ ಎಷ್ಟು ಮೇಲೇಳಬೇಕು ಎಂಬುದೆಲ್ಲ ಕಣ್ಣಳತೆಯ ವಿದ್ಯೆ. ಕಾಗದದ ಮೇಲೆ ನಕ್ಷೆಯಿಲ್ಲ. ಸೀಳಿದ ಬಿದಿರಿನ ತುಂಡೇ ಹುಟ್ಟು. ಗಾಳಿ ಅನುಕೂಲವಾದಾಗ ಮುಮ್ಮೂಲೆಯ ಹಾಯಿ ಏರಿಸುವರು. ಪಕ್ಕಕ್ಕೆ ಸರಿಯದಂತೆ ಹಲಗೆಯೊಂದನ್ನು ನೀರಿಗೆ ಇಳಿಬಿಡುವರು.

ಇಂತಹ ದೋಣಿ ಆ ತೀರದಲ್ಲಿಯೇ ಏಕೆ ಬೆಳೆಯಿತು? ಅಲ್ಲಿನ ದಂಡೆ ಕಡಿದಾದ ಮರಳ ದಂಡೆ. ಮಳೆಗಾಲದ ಅಲೆಗಳು ಗೋಡೆಯಂತೆ ಎದ್ದು ದಡಕ್ಕೆ ಅಪ್ಪಳಿಸುತ್ತವೆ. ನಮ್ಮ ಕರಾವಳಿಯಲ್ಲಿರುವಂತೆ ದೋಣಿ ನುಗ್ಗಿಸಿ ಆಸರೆ ಪಡೆಯಲು ಹೆಜ್ಜೆಹೆಜ್ಜೆಗೂ ಅಳಿವೆಗಳಿಲ್ಲ. ಒಳಭಾಗವಿರುವ ದೋಣಿ ಆ ತೆರೆಯೊಳಗೆ ಸಿಲುಕಿದರೆ ನೀರು ತುಂಬಿ ಮಗುಚುತ್ತದೆ. ಕಟ್ಟುಮರಕ್ಕೆ ಒಳಭಾಗವೇ ಇಲ್ಲ. ಮೇಲೆ ಬಂದ ನೀರು ದಿಮ್ಮಿಗಳ ಸಂದಿನಿಂದ ಇಳಿದುಹೋಗುತ್ತದೆ. ಮಗುಚಿದರೂ ಮುಳುಗದು, ಹಿಡಿದುಕೊಂಡವನನ್ನು ಕೈಬಿಡದು. ಅದರ ಮೇಲೆ ಕುಳಿತವನ ಮೊಣಕಾಲು ಸದಾ ನೀರಿನಲ್ಲಿ ನೆನೆಯುತ್ತದೆ, ಬಿಸಿಲು ಮಳೆಗಳಿಗೆ ಮರೆಯಿಲ್ಲ. ಸುಖವನ್ನು ಬಿಟ್ಟುಕೊಟ್ಟು ಭದ್ರತೆಯನ್ನು ಕೊಂಡ ದೋಣಿಯಿದು.

ಕಡಲಿನಿಂದ ಹಿಂತಿರುಗಿದೊಡನೆ ಹಗ್ಗ ಬಿಚ್ಚಿ, ದಿಮ್ಮಿಗಳನ್ನು ಹೆಗಲ ಮೇಲೆ ಹೊತ್ತು, ದಂಡೆಯ ಮೇಲೆ ಬೇರೆ ಬೇರೆಯಾಗಿ ಒಣಗಲು ಹಾಕುತ್ತಿದ್ದರು. ನೀರು ಕುಡಿದ ಮರ ಭಾರವಾಗುತ್ತದೆ, ಬೇಗನೆ ಹಾಳಾಗುತ್ತದೆ. ಹೀಗೆ ದೋಣಿಯನ್ನು ದಿನವೂ ಕಳಚುವರು, ದಿನವೂ ಕಟ್ಟುವರು. ಆದ್ದರಿಂದ ಮುಕ್ಕುವನು ಬರಿಯ ನಾವಿಕನಲ್ಲ. ಪ್ರತಿದಿನವೂ ತನ್ನ ದೋಣಿಯನ್ನು ತಾನೇ ಮರುನಿರ್ಮಿಸಿಕೊಳ್ಳುತ್ತಿದ್ದವನು.

ದಿಕ್ಸೂಚಿಯಿಲ್ಲದೆ ಅವನು ಮೀನಿರುವ ಬಂಡೆಯನ್ನು ಕಂಡುಕೊಳ್ಳುತ್ತಿದ್ದ ಕ್ರಮಕ್ಕೆ ತಿರುವನಂತಪುರದ ಕಡೆ ‘ಕಣಿಚ್ಚಂ’ ಎಂಬ ಹೆಸರಿದೆ. ದಡದ ಮೇಲಿನ ಎರಡು ಗುರುತುಗಳು ಒಂದೇ ಗೆರೆಯಲ್ಲಿ ಬರುವಂತೆ ನೋಡಬೇಕು. ಬೇರೊಂದು ದಿಕ್ಕಿನಲ್ಲಿ ಇನ್ನೆರಡು ಗುರುತುಗಳನ್ನು ಹಾಗೆಯೇ ಹೊಂದಿಸಬೇಕು. ಎರಡು ಗೆರೆಗಳು ಕೂಡುವ ಜಾಗವೇ ಬಲೆ ಬಿಡುವ ಜಾಗ. ಹಿಂದೆ ಪಶ್ಚಿಮಘಟ್ಟದ ಶಿಖರ, ಮುಂದೆ ದೇವಾಲಯದ ಗೋಪುರ. ತೀರದುದ್ದಕ್ಕೂ ಬಡ ಹಳ್ಳಿಗಳಲ್ಲಿ ಎತ್ತರದ ಗೋಪುರಗಳ ದೇವಾಲಯಗಳೇಕೆ ಎಂದು ಬೆರಗಾಗುವವರು ಅವುಗಳನ್ನೊಮ್ಮೆ ಕಡಲಿನ ಕಡೆಯಿಂದ ನೋಡಬೇಕು.

ಬಟ್ಟೆಯಂತೆ ಹೊಲಿದ ನೌಕೆ

ಕಟ್ಟುವುದು ಒಂದು ವಿದ್ಯೆಯಾದರೆ ಹೊಲಿಯುವುದು ಇನ್ನೊಂದು. ಕೇರಳದ ‘ವಳ್ಳ’ಗಳಲ್ಲಿ ಒಂದೇ ಮರವನ್ನು ತೋಡಿ ಮಾಡಿದವು ಕೆಲವಾದರೆ, ಹಲಗೆಗಳನ್ನು ನಾರಿನ ಹುರಿಯಿಂದ ಹೊಲಿದು ಮಾಡಿದವು ಕೆಲವು. ಅಲ್ಲಿ ‘ಆಂಜಿಲಿ’ ಎಂದು ಹೆಸರಾದ, ನಾವು ಹೆಬ್ಬಲಸು ಎಂದು ಕರೆಯುವ ಮರ ಇದಕ್ಕೆ ಪ್ರಶಸ್ತ. ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ಸಂದಿಗೆ ನಾರನ್ನು ತುರುಕಿ, ಹುರಿಯನ್ನು ಎಳೆದು ಬಿಗಿಯುವರು. ತೆಂಗಿನ ಸಿಪ್ಪೆಯನ್ನು ಹಿನ್ನೀರಿನಲ್ಲಿ ಕೊಳೆಹಾಕಿ, ಬಡಿದು, ಹುರಿ ಹೊಸೆದು ಕೊಡುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. ಮರಕ್ಕೆ ಮೀನೆಣ್ಣೆ, ಗೇರುಸಿಪ್ಪೆಯ ಎಣ್ಣೆಗಳ ಲೇಪ.

ಈ ಹೊಲಿಗೆಯನ್ನು ಮೊದಲು ಕಂಡು ಬರೆದಿಟ್ಟ ಯೂರೋಪಿಯನ್ನರ ಸಾಲಿನಲ್ಲಿ ಧರ್ಮಪ್ರಚಾರಕರೂ ಇದ್ದಾರೆಂಬುದು ಗಮನಾರ್ಹ. 13ನೆಯ ಶತಮಾನದ ಕೊನೆಯಲ್ಲಿ ಚೀನಾಕ್ಕೆ ಹೋಗುವ ದಾರಿಯಲ್ಲಿ ದಕ್ಷಿಣ ಭಾರತದಲ್ಲಿ ತಂಗಿದ್ದ ಫ್ರಾನ್ಸಿಸ್ಕನ್ ಸಭೆಯ ಜಾನ್ ಮಾಂಟೆಕಾರ್ವಿನೋ, ಇಲ್ಲಿನ ಹಡಗುಗಳಲ್ಲಿ ಕಬ್ಬಿಣವೇ ಇಲ್ಲವೆಂದೂ, ಅವನ್ನು ಬಟ್ಟೆಯಂತೆ ದಾರದಿಂದ ಹೊಲಿದಿರುವರೆಂದೂ, ದಾರ ಹರಿದರೆ ಆಪತ್ತೆಂದೂ ತಮ್ಮ ಪತ್ರದಲ್ಲಿ ಬರೆದರು. 1329ರಲ್ಲಿ ಭಾರತದ ಮೊದಲ ಕಥೋಲಿಕ ಧರ್ಮಪ್ರಾಂತವಾಗಿ ಸ್ಥಾಪಿತವಾದ ಕೊಲ್ಲಂನ ಧರ್ಮಾಧ್ಯಕ್ಷರಾಗಿ ನೇಮಕಗೊಂಡ ದೊಮಿನಿಕನ್ ಸಭೆಯ ಜೋರ್ಡಾನುಸರೂ ಇಂತಹ ಹೊಲಿದ ಹಡಗುಗಳನ್ನು ವರ್ಣಿಸಿದ್ದಾರೆ.

ಅವರಿಗೆ ದೌರ್ಬಲ್ಯವಾಗಿ ಕಂಡದ್ದು ವಾಸ್ತವವಾಗಿ ಜಾಣ್ಮೆಯಾಗಿತ್ತು. ಮೊಳೆ ಉಪ್ಪುನೀರಿನಲ್ಲಿ ತುಕ್ಕು ಹಿಡಿಯುತ್ತದೆ. ಹೊಲಿದ ಒಡಲು ಅಲೆಯ ಪೆಟ್ಟಿಗೆ ಬಾಗುತ್ತದೆ, ಮುರಿಯುವುದಿಲ್ಲ. ಹಲಗೆಯೊಂದು ಕೊಳೆತರೆ ಹೊಲಿಗೆ ಬಿಚ್ಚಿ ಅದೊಂದನ್ನೇ ಬದಲಿಸಬಹುದು. ವರ್ಷಕ್ಕೊಮ್ಮೆ ಹೊಲಿಗೆ ಬದಲಿಸುವ ಶ್ರಮವೇನೋ ಉಂಟು. ಆದರೆ ಅದಕ್ಕೆ ಬೇಕಾದ ತೆಂಗು ಮನೆಯ ಹಿತ್ತಲಲ್ಲಿಯೇ ಇತ್ತು.

ಯಂತ್ರ ಬಂದ ಮೇಲೆ

1952ರಲ್ಲಿ ಭಾರತ, ನಾರ್ವೆ ಹಾಗೂ ವಿಶ್ವಸಂಸ್ಥೆಗಳ ನಡುವೆ ಆದ ಒಪ್ಪಂದದಂತೆ ಕೊಲ್ಲಂ ಸಮೀಪದ ನೀಂಡಕರ, ಶಕ್ತಿಕುಳಂಗರ ಹಳ್ಳಿಗಳಲ್ಲಿ ಮೀನುಗಾರಿಕೆಯನ್ನು ಯಾಂತ್ರೀಕರಿಸುವ ಯೋಜನೆ ಆರಂಭವಾಯಿತು. ಬಡ ಮೀನುಗಾರರನ್ನು ಮೇಲೆತ್ತುವುದೇ ಅದರ ಉದ್ದೇಶವಾಗಿತ್ತು. ಆದರೆ ಸಿಗಡಿಗೆ ವಿದೇಶದಲ್ಲಿ ಬೆಲೆ ಬಂದೊಡನೆ, ಕಡಲ ತಳವನ್ನು ಗೋರುವ ಟ್ರಾಲ್ ಬೋಟುಗಳು ಬಂಡವಾಳ ಉಳ್ಳವರ ಪಾಲಾದವು. ಕಟ್ಟುಮರದವರ ಬಲೆಗಳು ಹರಿದವು, ಮೀನು ಕಡಿಮೆಯಾಯಿತು, ಕಡಲಿನಲ್ಲಿ ಜಗಳಗಳಾದವು. ನಮ್ಮ ಕರಾವಳಿಯಲ್ಲಿಯೂ 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ, ಹತ್ತಾರು ಮಂದಿ ಕೂಡಿ ಎಳೆಯುತ್ತಿದ್ದ ರಂಪಣಿ ಮೂಲೆಗೆ ಸರಿದುದನ್ನು ಹಿರಿಯರು ಬಲ್ಲರು.

ಕೇರಳದ ಮೀನುಗಾರರು ಸುಮ್ಮನೆ ಕೂರಲಿಲ್ಲ. ಅವರ ಚಳವಳಿಯಲ್ಲಿ ಗುರುಗಳೂ ಧರ್ಮಭಗಿನಿಯರೂ ಉಪವಾಸ ಕುಳಿತರು; ರಿಡೆಂಪ್ಟರಿಸ್ಟ್ ಸಭೆಯ ವಂದನೀಯ ಥಾಮಸ್ ಕೋಚೇರಿಯವರು 2014ರಲ್ಲಿ ನಿಧನರಾಗುವವರೆಗೂ ಮೀನುಗಾರರ ದನಿಯಾಗಿದ್ದರು. ಮಳೆಗಾಲದ ಟ್ರಾಲಿಂಗ್ ನಿಷೇಧ ಕೇರಳದಲ್ಲಿ 1988ರಲ್ಲಿ ಜಾರಿಗೆ ಬಂದಿತು.

ಅಷ್ಟರಲ್ಲಿ ಇನ್ನೊಂದು ಸಂಕಟ ಎದುರಾಗಿತ್ತು. ದೋಣಿಗೆ ಬೇಕಾದ ದೊಡ್ಡ ಮರಗಳೇ ಅಪರೂಪವಾದವು, ಸಿಕ್ಕರೂ ಬೆಲೆ ಕೈಗೆಟುಕದಾಯಿತು. ಆಗ ಕನ್ಯಾಕುಮಾರಿ ಜಿಲ್ಲೆಯ ಮುಟ್ಟಂನಲ್ಲಿ, ಕೋಟ್ಟಾರು ಧರ್ಮಪ್ರಾಂತದ ಸಮಾಜಸೇವಾ ಸಂಸ್ಥೆಯ ಆಶ್ರಯದಲ್ಲಿ, ಪ್ಲೈವುಡ್ ದೋಣಿಗಳ ಪ್ರಯೋಗ ನಡೆಯಿತು. ಬೆಲ್ಜಿಯಂ ದೇಶದ ಪಿಯೆರ್ ಜಿಲೆಯವರು ಅದರಲ್ಲಿ ಮುಂದಾಳಾಗಿದ್ದರು. ಮಾದರಿಗಳು ಒಮ್ಮೆಗೇ ಸರಿಹೋಗಲಿಲ್ಲ. ಅಲೆಯ ಗೋಡೆಯನ್ನು ದಾಟಬೇಕು, ದಂಡೆಗೆ ಬಡಿದರೂ ಒಡೆಯಬಾರದು, ನಾಲ್ಕು ಜನ ಎಳೆಯುವಂತಿರಬೇಕು, ಬಡವನ ಸಾಲಕ್ಕೆ ಮೀರಬಾರದು. ಇಷ್ಟೆಲ್ಲವನ್ನೂ ಒಂದೇ ದೋಣಿಯಲ್ಲಿ ಹೊಂದಿಸಬೇಕಾಗಿತ್ತು. 1985ರಲ್ಲಿ ತಮ್ಮ ಅನುಭವವನ್ನು ಪುಸ್ತಕವಾಗಿ ಬರೆದಾಗ ಜಿಲೆಯವರು ಅದಕ್ಕಿಟ್ಟ ಹೆಸರು ‘ಸ್ಮಾಲ್ ಈಸ್ ಡಿಫಿಕಲ್ಟ್’. ಚಿಕ್ಕದು ಸುಲಭವಲ್ಲವೆಂಬುದನ್ನು ಅವರು ದಂಡೆಯ ಮೇಲೆಯೇ ಕಲಿತಿದ್ದರು.

ಈ ಹೊಸ ದೋಣಿಗಳನ್ನು ಕಟ್ಟಿದ ಬಗೆಯೇ ಸ್ವಾರಸ್ಯಕರ. ಪ್ಲೈವುಡ್ ಹಲಗೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಆ ಮೇಲೆ ಸಂದುಗಳಿಗೆ ಗಾಜಿನ ನಾರಿನ ಪಟ್ಟಿಯನ್ನಿಟ್ಟು ರಾಳದಿಂದ ಭದ್ರಪಡಿಸುತ್ತಿದ್ದರು. ಮಾಂಟೆಕಾರ್ವಿನೋ ಕಂಡಿದ್ದ ಹೊಲಿಗೆ ಏಳುನೂರು ವರ್ಷಗಳ ಅನಂತರ ಬೇರೊಂದು ದಾರದಲ್ಲಿ ಅದೇ ತೀರಕ್ಕೆ ಮರಳಿತೆನ್ನಬಹುದು. 1980ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಮೀನುಗಾರರ ಸಂಘಗಳ ಒಕ್ಕೂಟವು ತನ್ನದೇ ದೋಣಿಕಟ್ಟೆಗಳನ್ನು ತೆರೆದು ಇಂತಹ ಸಾವಿರಾರು ದೋಣಿಗಳನ್ನು ನಿರ್ಮಿಸಿತು. ದೋಣಿಯ ಹಿಂಬದಿಗೆ ಸೀಮೆಎಣ್ಣೆಯ ಎಂಜಿನು ಬಂತು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಸಂಖ್ಯ ಕಟ್ಟುಮರಗಳು ನಾಶವಾದ ಬಳಿಕ, ಪರಿಹಾರದ ರೂಪದಲ್ಲಿ ಫೈಬರ್ ದೋಣಿಗಳು ತೀರವನ್ನು ತುಂಬಿದವು.

ದೂರ ಹೋದವರು, ಊರಿಗೆ ಬಂದವರು

ತೀರದಲ್ಲಿ ಮೀನು ಕಡಿಮೆಯಾದಂತೆ ಸಾಹಸಿಗಳು ದೂರ ಹೊರಟರು. ಕನ್ಯಾಕುಮಾರಿ ಜಿಲ್ಲೆಯ ತೂತ್ತೂರು ಸುತ್ತಲಿನ ಹಳ್ಳಿಗಳವರು ಗಾಳದ ಸಾಲು ಹಿಡಿದು, ಶಾರ್ಕ್, ಕೇದರಗಳನ್ನರಸಿ ಗುಜರಾತಿನವರೆಗೂ ಹೋಗುವವರು. ಮಂಗಳೂರಿನ ದಕ್ಕೆಗೂ ಅವರ ಬೋಟುಗಳು ಅಪರಿಚಿತವಲ್ಲ. 2017ರ ನವೆಂಬರ್ ಕೊನೆಯಲ್ಲಿ ಎದ್ದ ಓಖಿ ಚಂಡಮಾರುತದ ಮುನ್ನೆಚ್ಚರಿಕೆ ಅವರಿಗೆ ತಲಪುವ ಮೊದಲೇ ಅನೇಕರು ಕಡಲಿಗಿಳಿದಿದ್ದರು. ನೂರಾರು ಮಂದಿ ಹಿಂತಿರುಗಲಿಲ್ಲ. ಆ ಹಳ್ಳಿಗಳಲ್ಲಿ ಆ ವರ್ಷದ ಕ್ರಿಸ್ತಜಯಂತಿ ಕಣ್ಣೀರಿನ ಹಬ್ಬವಾಯಿತು.

ವರ್ಷ ತುಂಬುವ ಮುನ್ನವೇ, 2018ರ ಆಗಸ್ಟಿನಲ್ಲಿ, ಕೇರಳ ನೆರೆಯಲ್ಲಿ ಮುಳುಗಿತು. ಆಗ ತಿರುವನಂತಪುರ, ಕೊಲ್ಲಂ ತೀರದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳ ಮೇಲೇರಿಸಿ ಚೆಂಗನ್ನೂರು, ಪತ್ತನಂತಿಟ್ಟಗಳತ್ತ ಧಾವಿಸಿದರು. ಅಲೆಯ ದಂಡೆಗೆಂದು ರೂಪಿಸಿದ, ಹೆಚ್ಚು ಆಳ ಬೇಡದ ಆ ದೋಣಿಗಳು ಬೀದಿಬೀದಿಗಳಲ್ಲಿ, ಮನೆಯಂಗಳಗಳಲ್ಲಿ ಚಲಿಸಬಲ್ಲವಾಗಿದ್ದವು. ಕಡಲ ಸುಳಿಯನ್ನು ಬಲ್ಲ ಕೈಗಳು ನೆರೆಯ ಸೆಳೆತವನ್ನೂ ಬಲ್ಲವು. 669 ದೋಣಿಗಳಲ್ಲಿ ಬಂದ ನಾಲ್ಕು ಸಾವಿರಕ್ಕೂ ಹೆಚ್ಚು ಮೀನುಗಾರರು ಸುಮಾರು 65,000 ಜನರನ್ನು ರಕ್ಷಿಸಿದರೆಂದು ಲೆಕ್ಕ. ಅವರನ್ನು ಮುಖ್ಯಮಂತ್ರಿಗಳು ಕೇರಳದ ಸೈನ್ಯವೆಂದು ಕೊಂಡಾಡಿದರು. ಸರಕಾರ ದಿನಭತ್ಯೆ ಘೋಷಿಸಿದಾಗ, ಸೋದರರನ್ನು ಉಳಿಸಿದ್ದಕ್ಕೆ ಹಣ ಬೇಡವೆಂದವರೂ ಅವರಲ್ಲಿದ್ದರು. ಮೀನಿನ ವಾಸನೆಯವರೆಂದು ದೂರವಿಟ್ಟವರ ಮನೆಬಾಗಿಲಿಗೂ ಆ ದೋಣಿಗಳು ಹೋದವು.

ಉಳಿಯಬೇಕಾದುದು ಯಾವುದು?

ಇಂದು ಕಟ್ಟುಮರ ಕೆತ್ತಬಲ್ಲ ಕೈಗಳು ವಿರಳವಾಗಿವೆ. ಫೈಬರ್ ದೋಣಿಯನ್ನು ಅಚ್ಚಿನಲ್ಲಿ ಎರಕ ಹೊಯ್ಯುವರು; ಅದಕ್ಕೆ ಬಾಚಿಯೂ ಬೇಡ, ಕಣ್ಣಳತೆಯೂ ಬೇಡ. ಹಳೆಯದನ್ನೇ ಹಿಡಿದುಕೊಂಡು ಕಷ್ಟಪಡಿರೆಂದು ದಡದಲ್ಲಿ ಕುಳಿತ ನಾವು ಮೀನುಗಾರನಿಗೆ ಹೇಳಲಾಗದು. ಮೊಣಕಾಲುದ್ದ ನೀರಿನಲ್ಲಿ ಇರುಳಿಡೀ ಕುಳಿತವನಿಗೆ ಎಂಜಿನಿನ ದೋಣಿ ಕೊಟ್ಟ ನೆಮ್ಮದಿ ಸಣ್ಣದಲ್ಲ.

ಆದರೆ ಎರಡು ಮಾತುಗಳನ್ನು ಮರೆಯಬಾರದು. ಮೊದಲನೆಯದು, ದೋಣಿಗೆ ದಂಡೆ ಬೇಕು. ದಿಮ್ಮಿ ಒಣಗಿಸಿದ, ಬಲೆ ಹೆಣೆದ, ಹಲಗೆ ಹೊಲಿದ ದಂಡೆಯೇ ಇಂದು ಕಡಲ್ಕೊರೆತಕ್ಕೆ ಬಲಿಯಾಗುತ್ತಿದೆ. ವಿಳಿಂಞಂ ಬಂದರಿನ ಕಾಮಗಾರಿಯಿಂದ ಕೊರೆತ ಹೆಚ್ಚಿತೆಂದು ಆಕ್ಷೇಪಿಸಿ ತಿರುವನಂತಪುರದ ಮೀನುಗಾರರು ಮಹಾಧರ್ಮಪ್ರಾಂತದ ನೇತೃತ್ವದಲ್ಲಿ 2022ರಲ್ಲಿ ತಿಂಗಳುಗಟ್ಟಲೆ ಮುಷ್ಕರ ಹೂಡಿದರು. ಬಂದರಿನ ಪರವಾದವರು ಆ ವಾದವನ್ನು ಒಪ್ಪಲಿಲ್ಲ. 2025ರಲ್ಲಿ ಬಂದರು ಲೋಕಾರ್ಪಣೆಗೊಂಡಿತು. ಯಾರ ವಾದ ಸರಿಯೆಂಬುದು ಹೇಗೇ ಇರಲಿ, ದಂಡೆ ಕಳೆದುಕೊಂಡವನ ಮುಂದಿನ ಬಾಳಿನ ಪ್ರಶ್ನೆ ಹಾಗೆಯೇ ಉಳಿದಿದೆ.

ಎರಡನೆಯದು, ಮುಟ್ಟಂನ ಪ್ರಯೋಗ ಫಲಿಸಿದ್ದು ಮೀನುಗಾರನನ್ನು ಕೇಳಿ ಕೇಳಿ ದೋಣಿಯನ್ನು ತಿದ್ದಿದ್ದರಿಂದ. ಅವನ ಅರಿವನ್ನು ಬದಿಗಿಟ್ಟು ಕೊಟ್ಟ ಸಹಾಯ ಅವನ ಕೈಸೇರದೆ ಬೇರೆಯವರ ಪಾಲಾಯಿತು. ನಮ್ಮ ಧರ್ಮಕೇಂದ್ರಗಳಲ್ಲಿಯೂ ರಂಪಣಿ ದೋಣಿ, ಪಾತಿದೋಣಿಗಳನ್ನು ಕಂಡ, ಅವುಗಳನ್ನು ಕಟ್ಟಿದ ಹಿರಿಯರು ಕೆಲವರಾದರೂ ಇದ್ದಾರು. ಅವರು ಬಳಸಿದ ಮರ, ಅಳತೆ, ಹುರಿಯ ಗಂಟುಗಳನ್ನು ಅವರ ಬಾಯಿಂದಲೇ ಕೇಳಿ ನಮ್ಮ ಯುವಜನರು ಬರೆದಿಡುವುದಾದರೆ ಅದೊಂದು ದೊಡ್ಡ ಸೇವೆಯಾದೀತು. ಗಲಿಲೇಯದ ಆ ತೇಪೆಯ ದೋಣಿಯನ್ನು ಕೆಸರು ಕಾಪಾಡಿತು. ಬಡಗಿಯ ಅರಿವನ್ನು ಕೆಸರು ಕಾಪಾಡಲಾರದು; ಕೇಳಿಸಿಕೊಳ್ಳುವ ಕಿವಿ ಮಾತ್ರ ಕಾಪಾಡಬಲ್ಲದು.