ಆಟ ಯಾವ ಕಪಾಟಿನಲ್ಲಿದೆ?

ಕೋಲಾರದ ಅಂಚಿನ ಟಮಕದಲ್ಲಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಇನ್ನೂ ಎಳೆಯ ವಯಸ್ಸು. ಬೆಂಗಳೂರು ವಿಶ್ವವಿದ್ಯಾಲಯ ಮೂರು ಹೋಳಾದಾಗ, 2017ರಲ್ಲಿ ಹುಟ್ಟಿದ್ದು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸರ್ಕಾರಿ ಕಾಲೇಜುಗಳೂ ಇದರ ವ್ಯಾಪ್ತಿಯವೇ. ಅಲ್ಲಿಂದ ಬಂದ ಸಮಾಜಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಊರಹಬ್ಬದ ಕಬಡ್ಡಿಯ ಬೆನ್ನು ಹತ್ತಿದಳೆನ್ನಿ. ಯಾವ ಕೇರಿಯವರು ಆಡುತ್ತಾರೆ, ಬಹುಮಾನದ ದುಡ್ಡು ಯಾರದು, ಹೆಣ್ಣುಮಕ್ಕಳು ಯಾವ ವಯಸ್ಸಿಗೆ ಅಂಕಣ ಬಿಡುತ್ತಾರೆ? ಪ್ರಶ್ನೆ ಸೊಗಸಾಗಿದೆ. ಈ ಬಗ್ಗೆ ಮೊದಲು ಬರೆದವರು ಯಾರಮ್ಮ ಎಂದು ಮಾರ್ಗದರ್ಶಕರು ಕೇಳಿದಾಗ ಪೇಚಾಟ ಶುರು.

'ಕಬಡ್ಡಿ, ಕೋಲಾರ' ಎಂದು ಒತ್ತಿದರೆ ಪಂದ್ಯದ ಸುದ್ದಿಗಳೇ ಸಾಲುಗಟ್ಟುತ್ತವೆ. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆ ನಡೆಸುವ ಶೋಧಗಂಗಾ ಜಾಲತಾಣದಲ್ಲಿ ಲಕ್ಷಗಟ್ಟಲೆ ಪಿಎಚ್.ಡಿ. ಪ್ರಬಂಧಗಳಿವೆ, ಎಲ್ಲವೂ ಪುಕ್ಕಟೆ. ಆದರೆ ಅಲ್ಲಿನ ದೈಹಿಕ ಶಿಕ್ಷಣದ ಪ್ರಬಂಧಗಳಲ್ಲಿ ಬಹುಪಾಲು, ಇಷ್ಟು ವಾರ ತರಬೇತಿ ಕೊಟ್ಟರೆ ಕಾಲಿನ ಬಲ ಎಷ್ಟು ಏರಿತು ಎಂಬ ಲೆಕ್ಕದವು. ಆಟಗಾರನ ನಾಡಿಬಡಿತ ಸಿಗುತ್ತದೆ, ಅವನ ಊರು ಸಿಗುವುದಿಲ್ಲ.

ಊರಿನೊಳಗಿನ ಆಟ ಬೇರೆ ಕಪಾಟಿನಲ್ಲಿ ಕುಳಿತಿರುತ್ತದೆ. ಧಾರವಾಡದಲ್ಲಿ ಹುಟ್ಟಿ, ಪುಣೆಯ ಕ್ಲಬ್ಬಿನ ಮೈದಾನದಲ್ಲಿ ದುಡಿಯುತ್ತಲೇ ಬೌಲರ್ ಆದ ದಲಿತ ಕ್ರಿಕೆಟಿಗ ಪಾಲ್ವಂಕರ್ ಬಾಲೂ ಅವರ ಕಥೆಯನ್ನು ರಾಮಚಂದ್ರ ಗುಹಾ 2002ರ ಪುಸ್ತಕದಲ್ಲಿ ಹೇಳಿದರು. ಅದಕ್ಕೂ ಮೊದಲು, 1998ರಲ್ಲಿ, ವಸಾಹತು ಕಾಲದ ಕ್ರಿಕೆಟ್ ಮತ್ತು ರಾಜಕಾರಣದ ಮೇಲೆ ಅವರು ಬರೆದ ಲೇಖನ ಬಂದದ್ದು 'ಪಾಸ್ಟ್ ಅಂಡ್ ಪ್ರೆಸೆಂಟ್' ಎಂಬ ಇತಿಹಾಸದ ನಿಯತಕಾಲಿಕದಲ್ಲಿ. ಕಬಡ್ಡಿ ಮತ್ತು ರಾಷ್ಟ್ರೀಯತೆಯ ಬಗ್ಗೆ ಜೋಸೆಫ್ ಆಲ್ಟರ್ ಬರೆದದ್ದು ಮಾನವಶಾಸ್ತ್ರಜ್ಞರಾಗಿ.

ನಮ್ಮ ಜಿಲ್ಲೆಯ ಕೆಜಿಎಫ್ ಇನ್ನೂ ಒಳ್ಳೆಯ ಉದಾಹರಣೆ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅಲ್ಲಿ ಸಾಹೇಬರಿಗೆ ಕ್ಲಬ್ಬು, ಗಾಲ್ಫ್ ಮೈದಾನ. ಗಣಿಗಿಳಿಯುವವರಿಗೆ ಕೂಲಿ ಲೈನು. ಈ ಊರಿನ ಆಟದ ಬಗ್ಗೆ ಬರೆಯುವವರು ಮೊದಲು ತೆರೆಯಬೇಕಾದ್ದು ಜಾನಕಿ ನಾಯರ್ ಅವರ 'ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್' (1998). ಅದು ಕಾರ್ಮಿಕ ಚರಿತ್ರೆಯ ಪುಸ್ತಕ, ಕ್ರೀಡೆಯದಲ್ಲ. ಆದರೆ ಯಾರಿಗೆ ಎಷ್ಟು ಬಿಡುವಿತ್ತು ಎಂದು ತಿಳಿಯದೆ ಯಾರು ಏನು ಆಡಿದರು ಎಂದು ಬರೆಯುವುದಾದರೂ ಹೇಗೆ? ಹಾಗಾಗಿ ಹುಡುಕುವಾಗ ಆಟದ ಹೆಸರಿನ ಜೊತೆಗೆ ಜಾತಿ, ಕೂಲಿ, ಮದುವೆ, ಹಬ್ಬ, ವಲಸೆ ಎಂಬ ಪದಗಳನ್ನೂ ಹಾಕಿ ನೋಡಬೇಕು. ಆಟದ ಹೆಸರೂ ಒಂದೇ ಅಲ್ಲ. ಹಳೆಯ ಬರಹಗಳಲ್ಲಿ ಕಬಡ್ಡಿ ಚೆಡುಗುಡು ಆಗಿಯೋ ಹುತುತು ಆಗಿಯೋ ಅಡಗಿರಬಹುದು.

ಒಂದು ಒಳ್ಳೆಯ ಲೇಖನ ಸಿಕ್ಕಿತೆಂದರೆ ಅರ್ಧ ಕೆಲಸ ಆದಂತೆ. ಅದರ ಅಡಿಟಿಪ್ಪಣಿ ಹಿಂದಿನವರನ್ನು ತೋರಿಸುತ್ತದೆ. ಗೂಗಲ್ ಸ್ಕಾಲರ್‌ನಲ್ಲಿ ಅದೇ ಲೇಖನದ ಕೆಳಗೆ, ಅದನ್ನು ಉಲ್ಲೇಖಿಸಿದ ಮುಂದಿನವರ ಪಟ್ಟಿ ಇರುತ್ತದೆ.

ಹಿಂದೆ ಇಂಥ ಲೇಖನದ ಬಾಗಿಲವರೆಗೆ ಬಂದವರು ಚಂದಾ ಹಣದ ಗೋಡೆಗೆ ತಲೆ ಚಚ್ಚಿಕೊಳ್ಳಬೇಕಿತ್ತು. 2025ರ ಜನವರಿ 1ರಿಂದ ಕೇಂದ್ರದ 'ಒಂದು ದೇಶ, ಒಂದು ಚಂದಾ' ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕಗಳು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ತೆರೆದಿವೆ. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಸೇಜ್, ಟೇಲರ್ ಅಂಡ್ ಫ್ರಾನ್ಸಿಸ್ ಎರಡೂ ಇದರಲ್ಲಿರುವುದರಿಂದ, 1966ರಿಂದ ಬರುತ್ತಿರುವ 'ಇಂಟರ್‌ನ್ಯಾಷನಲ್ ರಿವ್ಯೂ ಫಾರ್ ದಿ ಸೋಶಿಯಾಲಜಿ ಆಫ್ ಸ್ಪೋರ್ಟ್', 'ಸ್ಪೋರ್ಟ್ ಇನ್ ಸೊಸೈಟಿ'ಯಂಥವೂ ಕೈಗೆಟುಕುತ್ತವೆ. ಲಾಗಿನ್ ಹೇಗೆಂದು ಕಾಲೇಜಿನ ಗ್ರಂಥಪಾಲಕರನ್ನು ಕೇಳಬೇಕು. ನಾಚಿಕೊಂಡು ಕೇಳದೆ ಉಳಿಯುವವರೇ ಹೆಚ್ಚು. ಲಾಸ್ ಏಂಜಲೀಸ್‌ನ ಎಲ್‌ಎ84 ಪ್ರತಿಷ್ಠಾನದ ಡಿಜಿಟಲ್ ಗ್ರಂಥಾಲಯಕ್ಕೆ ಚಂದಾ ಬೇಕಿಲ್ಲ, ಒಲಿಂಪಿಕ್ಸ್‌ನ ಅಧಿಕೃತ ವರದಿಗಳನ್ನು ಮನೆಯಿಂದಲೇ ಓದಬಹುದು. ದುಡ್ಡು ಕಟ್ಟಿದ ವಾರದಲ್ಲೇ ಅಚ್ಚು ಹಾಕುವ ಪತ್ರಿಕೆಗಳ ಬಗ್ಗೆ ಮಾತ್ರ ಹುಷಾರಾಗಿರಬೇಕು.

ಇಷ್ಟೆಲ್ಲ ಆದ ಮೇಲೂ ಕನ್ನಡದ ಸಾಮಗ್ರಿ ಹೊರಗೇ ಉಳಿಯುತ್ತದೆ. ಪಂದ್ಯದ ಕರಪತ್ರ, ಬಹುಮಾನ ಕೊಟ್ಟವರ ಪಟ್ಟಿ, ಯುವಕ ಸಂಘದ ಜಮಾ-ಖರ್ಚಿನ ಪುಸ್ತಕ, ಸ್ಥಳೀಯ ಪತ್ರಿಕೆಯ ಹಳೆಯ ಸಂಚಿಕೆ ಇವನ್ನು ಯಾವ ಕಂಪ್ಯೂಟರೂ ತೋರಿಸುವುದಿಲ್ಲ. ಅವುಗಳ ಫೋಟೊ ತೆಗೆದು, ತಾರೀಕು ಬರೆದು ಇಟ್ಟುಕೊಳ್ಳುವ ಕೆಲಸ ಆ ವಿದ್ಯಾರ್ಥಿನಿಯದೇ.