ಪಿರೆನೀಸ್ ತಪ್ಪಲಿನ ಬಾಸ್ಕರು: ಒಂದೇ ನುಡಿ, ಎರಡು ಕಾನೂನು

ಸ್ಪೇನ್ ಮತ್ತು ಫ್ರಾನ್ಸ್ ನಡುವಣ ಗಡಿಯನ್ನು 1659ರ ಒಪ್ಪಂದವು ಪಿರೆನೀಸ್ ಪರ್ವತಶ್ರೇಣಿಯ ಮೇಲೆ ಗುರುತಿಸಿತು. ಅದಕ್ಕೂ ಬಹಳ ಹಿಂದಿನಿಂದ ಬೆಟ್ಟದ ಎರಡೂ ಮಗ್ಗುಲಲ್ಲಿ ನೆಲೆಸಿದ್ದವರು ಹೀಗೆ ಎರಡು ದೇಶಗಳಿಗೆ ಹಂಚಿಹೋದರು. ಅವರಲ್ಲಿ ಪಶ್ಚಿಮದ ತುದಿಯ ಬಾಸ್ಕರು ಪ್ರಮುಖರು. ಇವರ ಏಳು ಸಾಂಪ್ರದಾಯಿಕ ಪ್ರಾಂತ್ಯಗಳಲ್ಲಿ ನಾಲ್ಕು ಸ್ಪೇನಿಗೆ, ಮೂರು ಫ್ರಾನ್ಸಿಗೆ ಸೇರಿವೆ.

ಬಾಸ್ಕರು ತಮ್ಮನ್ನು 'ಎವುಸ್ಕಲ್ದುನ್' ಎಂದು ಕರೆದುಕೊಳ್ಳುತ್ತಾರೆ. 'ಬಾಸ್ಕ್ ನುಡಿಯುಳ್ಳವನು' ಎಂಬುದೇ ಇದರ ಅರ್ಥ. ಸುತ್ತಲಿನ ಸ್ಪ್ಯಾನಿಷ್, ಫ್ರೆಂಚ್‌ಗಳಂತೆ ಇದು ಲ್ಯಾಟಿನ್ ಮೂಲದ್ದಲ್ಲ. ಜೀವಂತವಾಗಿರುವ ಬೇರಾವ ಭಾಷೆಯೊಡನೆಯೂ ಇದರ ನಂಟು ಸಿದ್ಧವಾಗಿಲ್ಲ. ಕನ್ನಡಿಗರಿಗೆ ಇದರ ರಚನೆ ಮಾತ್ರ ತೀರ ಅಪರಿಚಿತವೆನಿಸದು. 'ಎಚೆ' ಎಂದರೆ ಮನೆ, 'ಎಚೆರ' ಎಂದರೆ ಮನೆಗೆ, 'ಎಚೆತಿಕ್' ಎಂದರೆ ಮನೆಯಿಂದ. ಈ ಹೋಲಿಕೆಯನ್ನೇ ಹಿಡಿದು ದ್ರಾವಿಡ ನುಡಿಗಳೊಡನೆ ಸಂಬಂಧ ಕಲ್ಪಿಸಿದವರೂ ಉಂಟು. ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಿಲ್ಲ. ಅಂದಹಾಗೆ, ಗೋವೆಯಲ್ಲಿ ಪಾರ್ಥಿವ ಶರೀರವಿರುವ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಮಾತೃಭಾಷೆಯೂ ಬಾಸ್ಕ್.

ಬಾಸ್ಕ್ ಭಾಷೆಯ ಮೊದಲ ಮುದ್ರಿತ ಪುಸ್ತಕ ಹೊರಬಂದದ್ದು 1545ರಲ್ಲಿ. ಊರಿಗೊಂದು ಬಗೆಯಲ್ಲಿದ್ದ ನುಡಿಗೆ ಸಮಾನ ಬರಹರೂಪ ಒದಗಿದ್ದು 1968ರಲ್ಲಿ, ಅದೂ ಸರ್ವಾಧಿಕಾರಿ ಫ್ರಾಂಕೊ ಆಳ್ವಿಕೆಯಲ್ಲಿ. 1937ರ ಏಪ್ರಿಲ್ 26ರಂದು ಆತನ ಪರವಾಗಿ ಜರ್ಮನ್ ಮತ್ತು ಇಟಾಲಿಯನ್ ವಿಮಾನಗಳು ಬಾಸ್ಕರ ಪವಿತ್ರ ಪಟ್ಟಣ ಗೆರ್ನಿಕಾದ ಮೇಲೆ ಬಾಂಬ್ ಸುರಿದಿದ್ದವು. ಪಿಕಾಸೊನ ವಿಖ್ಯಾತ ಚಿತ್ರಕ್ಕೆ ವಸ್ತುವಾದದ್ದು ಇದೇ ದಾಳಿ. ಬಳಿಕ ಶಾಲೆ, ಕಚೇರಿಗಳಿಂದ ಭಾಷೆಯನ್ನು ಹೊರದಬ್ಬಲಾಯಿತು. ಈ ದಮನದ ನಡುವೆ 1959ರಲ್ಲಿ ಹುಟ್ಟಿದ 'ಇಟಿಎ' ಸಂಘಟನೆ ಮುಂದೆ ಬಂದೂಕು ಹಿಡಿದು 800ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಫ್ರಾಂಕೊ ಸತ್ತು ಪ್ರಜಾಪ್ರಭುತ್ವ ಬಂದ ನಂತರವೇ ಅದರ ಹತ್ಯೆಗಳು ಹೆಚ್ಚಿದವೆಂಬುದನ್ನು ಮರೆಯುವಂತಿಲ್ಲ. 2011ರಲ್ಲಿ ಅದು ಶಸ್ತ್ರಹೋರಾಟ ನಿಲ್ಲಿಸಿ, 2018ರಲ್ಲಿ ವಿಸರ್ಜನೆಗೊಂಡಿತು.

ಭಾಷೆಯನ್ನು ಉಳಿಸಿದ್ದು ಶಾಲೆಗಳು. 1979ರ ಸ್ವಾಯತ್ತತಾ ಶಾಸನದಡಿ ಸ್ಪೇನಿನ ಮೂರು ಪ್ರಾಂತ್ಯಗಳಲ್ಲಿ ಬಾಸ್ಕ್ ಸಹ ಅಧಿಕೃತ ಭಾಷೆ. ತೆರಿಗೆ ಸಂಗ್ರಹ, ಪೊಲೀಸ್ ವ್ಯವಸ್ಥೆಯೂ ಅಲ್ಲಿಯದೇ. ಬಹುಪಾಲು ಮಕ್ಕಳು ಬಾಸ್ಕ್ ಮಾಧ್ಯಮದಲ್ಲೇ ಕಲಿಯುತ್ತಾರೆ. ನಾಲ್ಕನೆಯ ಪ್ರಾಂತ್ಯವಾದ ನವಾರದಲ್ಲಿ ಈ ಮಾನ್ಯತೆ ಒಂದು ಭಾಗಕ್ಕಷ್ಟೇ ಸೀಮಿತ.

ನೆರೆಯ ಇತರ ಗುಡ್ಡಗಾಡು ನುಡಿಗಳ ಅದೃಷ್ಟವೂ ಒಂದೇ ಬಗೆಯದಲ್ಲ. ಅಂಡೊರಾದಲ್ಲಿ ಕ್ಯಾಟಲಾನ್ ಏಕೈಕ ಅಧಿಕೃತ ಭಾಷೆ, ಪುಟ್ಟ ಅರಾನ್ ಕಣಿವೆಯ ನುಡಿಗೆ 2006ರಲ್ಲಿ ಇಡೀ ಕ್ಯಾಟಲೋನಿಯಾದಲ್ಲಿ ಅಧಿಕೃತ ಸ್ಥಾನ ದೊರೆಯಿತು, ಅರಗಾನೀಸ್ ಅಳಿವಿನಂಚಿನಲ್ಲಿದೆ.

ಫ್ರಾನ್ಸಿನ ಕಥೆ ಬೇರೆ. ಅಲ್ಲಿನ ಸಂವಿಧಾನದ ಪ್ರಕಾರ ಗಣರಾಜ್ಯದ ಭಾಷೆ ಫ್ರೆಂಚ್. ಪ್ರಾದೇಶಿಕ ಭಾಷೆಯಲ್ಲೇ ಬಹುತೇಕ ಪಾಠ ಹೇಳುವ ಕ್ರಮಕ್ಕೆ ಸಂಸತ್ತು ಒಪ್ಪಿಗೆ ನೀಡಿತಾದರೂ, 2021ರ ಮೇ ತಿಂಗಳಲ್ಲಿ ಸಾಂವಿಧಾನಿಕ ಮಂಡಳಿ ಆ ಕಲಮನ್ನು ರದ್ದುಪಡಿಸಿತು. ಬಾಸ್ಕ್ ಶಾಲೆಗಳು ಮುಚ್ಚಿಲ್ಲ. ಆದರೆ ವಿಜ್ಞಾನದ ಪ್ರಶ್ನೆಗಳಿಗೆ ತಾವು ಕಲಿತ ಭಾಷೆಯಲ್ಲೇ ಉತ್ತರ ಬರೆಯಲು ಬಿಡಿ ಎಂದು ಅಲ್ಲಿನ ವಿದ್ಯಾರ್ಥಿಗಳು ಬೀದಿಗಿಳಿಯಬೇಕಾಯಿತು.