ವಿಷವನ್ನು ತಡೆಯುವ ಸೂಕ್ಷ್ಮಜೀವಿಗಳು

1960ನೆಯ ಇಸವಿಯಲ್ಲಿ ಇಂಗ್ಲೆಂಡಿನ ಕೋಳಿಸಾಕಣೆಗಾರರ ಮೇಲೆ ಅನಿರೀಕ್ಷಿತವಾದ ವಿಪತ್ತೊಂದು ಎರಗಿತು. ಕೆಲವೇ ತಿಂಗಳುಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಟರ್ಕಿ ಕೋಳಿಮರಿಗಳು ಸತ್ತವು. ಕಾರಣ ತಿಳಿಯದೆ ಅದನ್ನು ‘ಟರ್ಕಿ ಎಕ್ಸ್ ರೋಗ’ವೆಂದು ಕರೆದರು. ರೋಗಾಣುವನ್ನು ಅರಸಹೊರಟವರಿಗೆ ಕೊನೆಗೆ ದೊರೆತದ್ದು ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿ! ಆ ಹಿಂಡಿಯಲ್ಲಿ ಬೆಳೆದಿದ್ದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟೇ ವಿಷವನ್ನು ಉತ್ಪಾದಿಸಿತ್ತು. ಬೂಷ್ಟಿನ ಹೆಸರಿನಿಂದಲೇ ವಿಷಕ್ಕೆ ‘ಅಫ್ಲಟಾಕ್ಸಿನ್’ ಎಂಬ ನಾಮಕರಣವಾಯಿತು.

ಈ ವಿಷ ಕೋಳಿಗಳಿಗೆ ಮಾತ್ರ ಮೀಸಲಾದುದಲ್ಲ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಪ್ರದೇಶಗಳಲ್ಲಿ ಅಕಾಲದ ಮಳೆಗೆ ನೆನೆದ ಮುಸುಕಿನ ಜೋಳವನ್ನು ಉಂಡ ಬಡಜನರು ಕಾಮಾಲೆಗೆ ತುತ್ತಾದರು. ನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು. ಅದೇ ಅನ್ನವನ್ನು ತಿಂದ ಮನೆಯ ನಾಯಿಗಳಿಗೂ ಅದೇ ಗತಿಯಾಯಿತು. ಅಲ್ಪಪ್ರಮಾಣದಲ್ಲಿ ಬಹುಕಾಲ ದೇಹವನ್ನು ಸೇರಿದರೂ ಇದು ಯಕೃತ್ತಿನ ಕ್ಯಾನ್ಸರನ್ನು ತರಬಲ್ಲದು. ಬೇಯಿಸಿದರೆ ಬೂಷ್ಟು ಸಾಯುತ್ತದೆ, ಆದರೆ ವಿಷ ನಾಶವಾಗುವುದಿಲ್ಲ.

ಹಾಗಾದರೆ ಪರಿಹಾರವೇನು? ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ನಾಣ್ಣುಡಿ ವಿಜ್ಞಾನಿಗಳಿಗೂ ದಾರಿದೀಪವಾಯಿತು. ಅಮೆರಿಕದ ಪಿಯೋರಿಯಾ ನಗರದ ಪ್ರಯೋಗಾಲಯದಲ್ಲಿ ಸೀಗ್ಲರ್ ಮತ್ತು ಅವರ ಸಂಗಡಿಗರು ಸುಮಾರು ಒಂದು ಸಾವಿರ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿ, 1966ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅಷ್ಟರಲ್ಲಿ ಒಂದೇ ಒಂದು ಬ್ಯಾಕ್ಟೀರಿಯ ವಿಷವನ್ನು ದ್ರಾವಣದಿಂದ ಶಾಶ್ವತವಾಗಿ ತೆಗೆದುಹಾಕಿತು. ಹಾಲು, ಎಣ್ಣೆ, ಕಡಲೆಕಾಯಿ, ಮುಸುಕಿನ ಜೋಳಗಳಲ್ಲಿಯೂ ಅದರ ಶಕ್ತಿ ಕಂಡುಬಂದಿತು. ಶುದ್ಧಗೊಂಡ ದ್ರಾವಣದಲ್ಲಿ ಹೊಸ ವಿಷ ಹುಟ್ಟಿಲ್ಲವೆಂಬುದಕ್ಕೆ ಬಾತುಕೋಳಿಯ ಮರಿಗಳು ಸಾಕ್ಷಿಯಾದವು. ಆದರೆ ಆ ಬ್ಯಾಕ್ಟೀರಿಯದ ಕಿತ್ತಳೆ ಬಣ್ಣವೇ ಅದಕ್ಕೆ ಶತ್ರುವಾಯಿತು. ಬಣ್ಣಗೆಟ್ಟ ಆಹಾರವನ್ನು ಯಾರು ತಾನೆ ಉಂಡಾರು?

ಮುಂದೆ ಸಂಶೋಧಕರ ದೃಷ್ಟಿ ಹಾಲನ್ನು ಹುಳಿಗೊಳಿಸುವ ಲ್ಯಾಕ್ಟೋಬ್ಯಾಸಿಲಸ್ ವರ್ಗದತ್ತ ಹೊರಳಿತು. ಅದರ ಕೆಲವು ತಳಿಗಳು ದ್ರಾವಣದಲ್ಲಿದ್ದ ವಿಷದ ಸುಮಾರು ಎಂಬತ್ತು ಪಾಲನ್ನು ಹಿಡಿದಿಡುತ್ತವೆಂದು 1998ರಲ್ಲಿ ತಿಳಿದುಬಂದಿತು. ಇವು ವಿಷವನ್ನು ಜೀರ್ಣಿಸಿಕೊಳ್ಳುವುದಿಲ್ಲ. ತಮ್ಮ ಕೋಶಭಿತ್ತಿಗೆ ಅಂಟಿಸಿಕೊಳ್ಳುತ್ತವೆ. ಹಾಲಾಹಲವನ್ನು ನುಂಗದೆ, ಉಗುಳದೆ ಕಂಠದಲ್ಲಿಯೇ ತಡೆದ ನೀಲಕಂಠನ ನೆನಪಾಗುತ್ತದೆಯಲ್ಲವೆ? ಸೋಜಿಗವೆಂದರೆ, ಕಾಯಿಸಿ ಕೊಂದ ಬ್ಯಾಕ್ಟೀರಿಯಗಳೂ ಈ ಕೆಲಸವನ್ನು ಮಾಡುತ್ತವೆ.

ಆದರೂ ಇದು ಪೂರ್ಣವಿಜಯವಲ್ಲ. ಹಿಡಿದ ವಿಷದ ಒಂದಂಶ ತೊಳೆದಾಗ ಮತ್ತೆ ಸಡಿಲವಾಗುತ್ತದೆ. ಎಲ್ಲ ತಳಿಗಳ ಸಾಮರ್ಥ್ಯವೂ ಒಂದೇ ಅಲ್ಲ. ಆದುದರಿಂದ ಬೂಷ್ಟು ಹಿಡಿದ ಕಾಳನ್ನು ಮಜ್ಜಿಗೆಯೊಡನೆ ಉಂಡು ನಿಶ್ಚಿಂತರಾಗುವಂತಿಲ್ಲ. ಬೆಳೆಯನ್ನು ಚೆನ್ನಾಗಿ ಒಣಗಿಸಿ, ತೇವ ತಾಗದಂತೆ ಕಾಪಾಡಿ, ಕೆಟ್ಟ ಕಾಳನ್ನು ಆರಿಸಿ ಎಸೆಯುವುದೇ ಇಂದಿಗೂ ಮೊದಲ ರಕ್ಷೆ. ಆದರೆ ನೆನೆದ ಫಸಲನ್ನು ಬಿಟ್ಟರೆ ಬೇರೆ ಅನ್ನವಿಲ್ಲದ ಮನೆಗಳೂ ಲೋಕದಲ್ಲಿವೆ. ಈ ಕಿರುಜೀವಿಗಳ ಮೇಲಿನ ಸಂಶೋಧನೆ ಸಾರ್ಥಕವಾಗಬೇಕಾದುದು ಅಂಥ ಮನೆಗಳ ಒಲೆಯ ಬಳಿಯಲ್ಲಿ.